ಧ್ವನಿಮುದ್ರಣದ ಉತ್ತರಕಾಲ: ಗ್ರೀನ್‌ಸ್ಲೀವ್ಸ್‌ನ ಡ್ಯಾನ್ಸ್‌ಹಾಲ್ ಮತ್ತು ಘಟ್ಟದ ಮೇಲಿನ ಯಕ್ಷಗಾನ

ಧ್ವನಿಮುದ್ರಣ ಸಂಸ್ಥೆಯೊಂದರ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅದರ ಮೊದಲ ಕೆಲವು ವರ್ಷಗಳನ್ನು ಸುವರ್ಣಯುಗವೆಂದು ವಿಸ್ತರಿಸಿ ಹೇಳಿ, ಆನಂತರದ ಕಾಲವನ್ನು ಮಾರುಕಟ್ಟೆಗೆ ಮಣಿದ ಅವನತಿಯೆಂದು ಚುಟುಕಾಗಿ ಮುಗಿಸುತ್ತಾರೆ. ಜಮೈಕಾದ ರೆಗೆ ಸಂಗೀತವನ್ನು ಲಂಡನ್ನಿನಿಂದ ಹೊರಜಗತ್ತಿಗೆ ಹಂಚಿದ ಗ್ರೀನ್‌ಸ್ಲೀವ್ಸ್ ಸಂಸ್ಥೆಯ ಬಗ್ಗೆ ಹಳೆಯ ರಸಿಕರು ಆಡುವ ಮಾತಿನಲ್ಲಿ ಈ ಕ್ರಮ ಸ್ಪಷ್ಟವಾಗಿ ಕಾಣುತ್ತದೆ. ಭಕ್ತಿ, ಬಂಡಾಯ ಮತ್ತು ಬಡತನದ ನೋವನ್ನು ಹಾಡಿದ 1970ರ ದಶಕದ ರೆಗೆಯನ್ನು ಮೆಚ್ಚಿದವರಿಗೆ, ಅದೇ ಸಂಸ್ಥೆ ಮುಂದೆ ಹೊರತಂದ ಡ್ಯಾನ್ಸ್‌ಹಾಲ್ ಎಂಬ ಕುಣಿತದ ಸಂಗೀತ ಸದ್ದಿನ ಸರಕಾಗಿ ತೋರಿತು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಯಕ್ಷಗಾನಾಸಕ್ತರ ನಡುವೆ 1980ರ ದಶಕದ ಭಾಗವತಿಕೆಯ ಬಗ್ಗೆ, ಅಂದರೆ ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ಬಂದ ಯಕ್ಷಗಾನದ ಹಾಡುಗಾರಿಕೆಯ ಬಗ್ಗೆ, ಹೆಚ್ಚುಕಡಿಮೆ ಇಂಥದೇ ತೀರ್ಪು ಚಲಾವಣೆಯಲ್ಲಿದೆ. ಎರಡೂ ತೀರ್ಪುಗಳು ತಪ್ಪು ಜಾಗದಲ್ಲಿ ದೋಷವನ್ನು ಹುಡುಕುತ್ತವೆ ಎಂಬುದು ಈ ಲೇಖನದ ವಾದ. ಹಂಚಿಕೊಂಡು ಬಾಳುವ ಸಂಗೀತಪರಂಪರೆಗೆ ರುಚಿಯ ಬದಲಾವಣೆಯಿಂದಾಗಲಿ ಪುನರಾವರ್ತನೆಯಿಂದಾಗಲಿ ಹಾನಿಯಾಗುವುದಿಲ್ಲ; ಯಾರು ಹಾಡಿದರು, ಯಾರು ನುಡಿಸಿದರು, ಯಾವ ಸಂದರ್ಭದಲ್ಲಿ, ಯಾರ ಹಕ್ಕಿನಲ್ಲಿ ಎಂಬ ವಿವರ ಅಳಿಸಿಹೋದಾಗ ಮಾತ್ರ ಅದಕ್ಕೆ ತುಂಬಲಾಗದ ನಷ್ಟವಾಗುತ್ತದೆ.

ಗ್ರೀನ್‌ಸ್ಲೀವ್ಸ್ ಹುಟ್ಟಿದ್ದು ಅಂಗಡಿಯಾಗಿ. ಕ್ರಿಸ್ ಕ್ರಾಕ್ನೆಲ್ ಮತ್ತು ಕ್ರಿಸ್ ಸೆಜ್ವಿಕ್ ಎಂಬಿಬ್ಬರು 1975ರಲ್ಲಿ ಲಂಡನ್ನಿನ ವೆಸ್ಟ್ ಈಲಿಂಗ್‌ನಲ್ಲಿ ತೆರೆದ ಧ್ವನಿಮುದ್ರಿಕೆಗಳ ಮಳಿಗೆ, ಗಿರಾಕಿಗಳು ಕೇಳುವ ಜಮೈಕಾದ ಹಾಡುಗಳನ್ನು ತಾನೇ ಅಚ್ಚುಹಾಕಿ ಮಾರುವ ಸಂಸ್ಥೆಯಾಗಿ 1977ರಲ್ಲಿ ಬೆಳೆಯಿತು. ಡಾಕ್ಟರ್ ಆಲಿಮಂಟಾಡೊ ಎಂಬ ಕಲಾವಿದನ ಹಾಡುಗಳ ಸಂಕಲನ 1978ರಲ್ಲಿ ಅದರ ಮೊದಲ ದೊಡ್ಡ ಮುದ್ರಿಕೆಯಾಗಿ ಹೊರಬಂತು. ಸಂಸ್ಥೆಯ ಕೆಲಸ ಮುಖ್ಯವಾಗಿ ದಲ್ಲಾಳಿಯದು: ಹಾಡು ಹುಟ್ಟುತ್ತಿದ್ದದ್ದು ಕಿಂಗ್‌ಸ್ಟನ್ ನಗರದ ಸ್ಟುಡಿಯೋಗಳಲ್ಲಿ, ಅದಕ್ಕೆ ಹಣ ಹೂಡುತ್ತಿದ್ದವರು ಅಲ್ಲಿನ ನಿರ್ಮಾಪಕರು, ಅದನ್ನು ಬ್ರಿಟನ್ನಿನ ಮತ್ತು ಯೂರೋಪಿನ ಕೇಳುಗರಿಗೆ ಮುಟ್ಟಿಸುವ ಹಕ್ಕನ್ನು ಪಡೆಯುತ್ತಿದ್ದದ್ದು ಈ ಸಂಸ್ಥೆ. ಹೀಗಾಗಿ ಅದರ ರುಚಿಯ ಬದಲಾವಣೆಯನ್ನು ಮಾಲೀಕರ ಆಯ್ಕೆಯೆಂದು ಮಾತ್ರ ಓದಲಾಗದು. ಕಿಂಗ್‌ಸ್ಟನ್ನಿನ ಬೀದಿಗಳಲ್ಲಿ ಜನ ಯಾವುದಕ್ಕೆ ಕುಣಿಯುತ್ತಿದ್ದರೋ ಅದನ್ನೇ ಈಲಿಂಗ್‌ನ ಅಂಗಡಿ ಮಾರಬೇಕಾಗಿತ್ತು.

ಜಮೈಕಾದ ಬೀದಿಯ ಕುಣಿತದ ಕೇಂದ್ರದಲ್ಲಿ ಇದ್ದದ್ದು ಸೌಂಡ್ ಸಿಸ್ಟಮ್ ಎಂಬ ವ್ಯವಸ್ಥೆ. ದೊಡ್ಡ ಧ್ವನಿಪೆಟ್ಟಿಗೆಗಳನ್ನು ಬಯಲಿನಲ್ಲಿ ನಿಲ್ಲಿಸಿ ಮುದ್ರಿಕೆಗಳನ್ನು ನುಡಿಸುವ ಈ ತಂಡಗಳಲ್ಲಿ ತಟ್ಟೆಯನ್ನು ಆರಿಸಿ ಹಾಕುವವನು ಒಬ್ಬನಾದರೆ, ಹಾಡಿನ ಮಾತಿಲ್ಲದ ವಾದ್ಯಭಾಗದ ಮೇಲೆ ಆ ಕ್ಷಣಕ್ಕೆ ಹೊಳೆದ ಪ್ರಾಸಬದ್ಧ ಮಾತನ್ನು ಲಯವಾಗಿ ಹೇಳುವವನು ಇನ್ನೊಬ್ಬ. ಈ ಎರಡನೆಯವನನ್ನು ಅಲ್ಲಿ ಡೀಜೇ ಎನ್ನುತ್ತಾರೆ. ಹಾಡಿಗೆ ಆಧಾರವಾದ ತಾಳವಾದ್ಯ ಮತ್ತು ಮಂದ್ರಸ್ವರದ ಗಿಟಾರಿನ ವಿನ್ಯಾಸಕ್ಕೆ ರಿದಂ ಎಂದು ಹೆಸರು. ಒಂದು ರಿದಂ ಒಮ್ಮೆ ಜನಪ್ರಿಯವಾದರೆ ಅದರ ಮೇಲೆ ಹತ್ತಾರು ಗಾಯಕರು ತಮ್ಮ ತಮ್ಮ ಹಾಡನ್ನು ಕಟ್ಟುವುದು ಅಲ್ಲಿ ರೂಢಿ. ಡ್ಯಾನ್ಸ್‌ಹಾಲ್ ಎಂಬುದು ಮೊದಲಿಗೆ ಇಂಥ ಕುಣಿತ ನಡೆಯುವ ಜಾಗದ ಹೆಸರು. ಬಾಬ್ ಮಾರ್ಲಿ 1981ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅದು ಹೊಸ ಸಂಗೀತಪ್ರಕಾರದ ಹೆಸರೂ ಆಗತೊಡಗಿತ್ತು.

ಈ ತಿರುವಿನಲ್ಲಿ ಗ್ರೀನ್‌ಸ್ಲೀವ್ಸ್‌ಗೆ ದೊರೆತ ಮುಖ್ಯ ಸಂಬಂಧ ಹೆನ್ರಿ ಲಾಸ್ ಎಂಬ ನಿರ್ಮಾಪಕನದು. ಜನ ಜುಂಜೊ ಎಂದು ಕರೆಯುತ್ತಿದ್ದ ಆತ ಚಾನೆಲ್ ವನ್ ಸ್ಟುಡಿಯೋದಲ್ಲಿ ರೂಟ್ಸ್ ರ‍್ಯಾಡಿಕ್ಸ್ ಎಂಬ ವಾದ್ಯತಂಡದಿಂದ ನಿಧಾನಗತಿಯ, ಭಾರವಾದ, ಅಲಂಕಾರ ಕಡಿಮೆಯಾದ ರಿದಂಗಳನ್ನು ನುಡಿಸಿ, ಬ್ಯಾರಿಂಗ್ಟನ್ ಲೆವಿಯಂಥ ಎಳೆಯ ಗಾಯಕರಿಂದಲೂ ಈಕ್-ಎ-ಮೌಸ್, ಯೆಲೋಮ್ಯಾನ್ ಮೊದಲಾದ ಡೀಜೇಗಳಿಂದಲೂ ಅವುಗಳ ಮೇಲೆ ಹಾಡಿಸಿದ. ಯೆಲೋಮ್ಯಾನ್ 1983ರಲ್ಲಿ ಗ್ರೀನ್‌ಸ್ಲೀವ್ಸ್ ಮೂಲಕ ಹೊರತಂದ ಪ್ರಸಿದ್ಧ ಹಾಡಿನ ಅಡಿಪಾಯ ಹೊಸದಲ್ಲ. ಆಲ್ಟನ್ ಎಲಿಸ್ ಎಂಬ ಗಾಯಕ 1960ರ ದಶಕದ ಕೊನೆಯಲ್ಲಿ ಸ್ಟುಡಿಯೋ ವನ್ ಎಂಬ ಹಿರಿಯ ಸಂಸ್ಥೆಗೆ ಹಾಡಿದ ಪ್ರೇಮಗೀತೆಯೊಂದರ ರಿದಮನ್ನೇ ಲಾಸ್‌ನ ವಾದ್ಯಗಾರರು ಹೊಸದಾಗಿ ನುಡಿಸಿದ್ದರು, ಮತ್ತು ಯೆಲೋಮ್ಯಾನ್‌ಗಿಂತ ಸ್ವಲ್ಪ ಮೊದಲು ಮಿಚಿಗನ್ ಹಾಗೂ ಸ್ಮೈಲಿ ಎಂಬ ಜೋಡಿ ಅದೇ ರಿದಂ ಮೇಲೆ ನೀತಿಬೋಧೆಯ ಹಾಡನ್ನು ಹಾಡಿ ಗೆದ್ದಿತ್ತು. ಪ್ರೇಮ, ನೀತಿ, ಬಡಾಯಿ ಎಂಬ ಮೂರು ಭಿನ್ನ ಭಾವಗಳಿಗೆ ಒಂದೇ ಆಧಾರ ಒದಗಿದ ಈ ಸರಣಿಯನ್ನು ಕಂಡರೆ, ರೆಗೆಯ ಶುದ್ಧ ಕಾಲವೆಂದೂ ಡ್ಯಾನ್ಸ್‌ಹಾಲಿನ ಕೆಟ್ಟ ಕಾಲವೆಂದೂ ಎಳೆದ ಗೆರೆ ಎಷ್ಟು ತೆಳುವಾದದ್ದೆಂದು ತಿಳಿಯುತ್ತದೆ.

ಗೆರೆ ದಪ್ಪವಾಗಿ ಕಾಣಲು ಕಾರಣವಾದದ್ದು 1985. ಆ ವರ್ಷದ ಫೆಬ್ರವರಿಯಲ್ಲಿ ಕಿಂಗ್ ಜಾಮಿ ಎಂಬ ನಿರ್ಮಾಪಕನ ಸೌಂಡ್ ಸಿಸ್ಟಮ್ ಕಿಂಗ್‌ಸ್ಟನ್ನಿನ ಒಂದು ಸ್ಪರ್ಧೆಯಲ್ಲಿ ವೇಯ್ನ್ ಸ್ಮಿತ್ ಹಾಡಿದ ಹೊಸ ಹಾಡನ್ನು ನುಡಿಸಿತು. ಸ್ಲೆಂಗ್ ಟೆಂಗ್ ಎಂದು ಹೆಸರಾದ ಅದರ ರಿದಮನ್ನು ನುಡಿಸಿದ್ದು ವಾದ್ಯತಂಡವಲ್ಲ. ಕ್ಯಾಸಿಯೊ ಕಂಪನಿ 1981ರಲ್ಲಿ ಮಾರುಕಟ್ಟೆಗೆ ಬಿಟ್ಟಿದ್ದ ಎಂಟಿ-40 ಎಂಬ ಪುಟ್ಟ ಕೀಬೋರ್ಡಿನಲ್ಲಿ ಮೊದಲೇ ಅಡಕವಾಗಿದ್ದ ಒಂದು ವಿನ್ಯಾಸವನ್ನು ವೇಗ ತಗ್ಗಿಸಿ ಬಳಸಿಕೊಳ್ಳಲಾಗಿತ್ತು. ಬ್ರಿಟನ್ನಿನಲ್ಲಿ ಅದನ್ನು ಹೊರತಂದದ್ದು ಗ್ರೀನ್‌ಸ್ಲೀವ್ಸ್. ಮುಂದಿನ ವರ್ಷಗಳಲ್ಲಿ ಆ ಒಂದೇ ರಿದಂ ಮೇಲೆ ನೂರಾರು ಹಾಡುಗಳು ಬಂದವು, ವಾದ್ಯಗಾರರ ಕೂಲಿ ಉಳಿದದ್ದರಿಂದ ಹಾಡಿನ ಖರ್ಚು ಇಳಿಯಿತು, ಸ್ಟುಡಿಯೋಗಳಲ್ಲಿ ನುಡಿಸಿ ಬದುಕುತ್ತಿದ್ದ ಅನೇಕರ ಕೆಲಸಕ್ಕೆ ಕುತ್ತು ಬಂತು. ಯಂತ್ರದ ಸಂಗೀತ, ಮತ್ತೆ ಮತ್ತೆ ಬರುವ ಅದದೇ ಧಾಟಿ, ಕೀಳು ಅಭಿರುಚಿಯ ಸಾಹಿತ್ಯ ಎಂಬ ಮೂರು ಆಪಾದನೆಗಳು ಡ್ಯಾನ್ಸ್‌ಹಾಲ್ ಮೇಲೆ ಒಟ್ಟಾಗಿ ಬಿದ್ದದ್ದು ಈ ಹೊತ್ತಿನಲ್ಲೇ.

ಸಹ್ಯಾದ್ರಿಯ ಈ ಬದಿಯಲ್ಲಿ ಇವೇ ಮೂರು ಆಪಾದನೆಗಳು ಬೇರೆ ವೇಷದಲ್ಲಿ ಕೇಳಿಬಂದವು. ಸಿದ್ದಾಪುರ ತಾಲ್ಲೂಕಿನ ನಿಲ್ಕುಂದದಂಥ ಊರುಗಳಿಂದ ಶಿರಸಿಯ ಪೇಟೆಯವರೆಗೆ, ಅಲ್ಲಿಂದ ಯಲ್ಲಾಪುರದ ಕಾಡಂಚಿನವರೆಗೆ, ಅಡಿಕೆತೋಟದ ಕೆಲಸದ ನಡುವೆ ಬಿಡುವಾದಾಗ ಆಟ ನೋಡುವುದು, ತಾಳಮದ್ದಳೆ ಕೇಳುವುದು ಬದುಕಿನ ಭಾಗವಾಗಿರುವ ಪ್ರದೇಶವಿದು. ಶಿರಸಿ ತಾಲ್ಲೂಕಿನ ನೆಬ್ಬೂರಿನ ನಾರಾಯಣ ಭಾಗವತರು ಘಟ್ಟದ ಕೆಳಗಿನ ಇಡಗುಂಜಿ ಮೇಳದಲ್ಲಿ ದೀರ್ಘಕಾಲ ಹಾಡಿದವರು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಆ ಮೇಳ, ಕಡತೋಕದ ಮಂಜುನಾಥ ಭಾಗವತರ ಹಾಡುಗಾರಿಕೆ, ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತ ಮತ್ತು ಅಭಿನಯ ಇಲ್ಲಿನ ಪ್ರೇಕ್ಷಕರ ರುಚಿಯನ್ನು ರೂಪಿಸಿದವು. ಈ ರುಚಿಯ ಮುಂದೆ 1970ರ ದಶಕದ ಕೊನೆಯಿಂದ ಕರಾವಳಿಯ ಡೇರೆ ಮೇಳಗಳು, ಅಂದರೆ ಹರಕೆಯ ಬಯಲಾಟಕ್ಕೆ ಭಿನ್ನವಾಗಿ ಟಿಕೆಟ್ಟು ಪಡೆದು ಒಳಗೆ ಬಿಡುವ ವ್ಯವಸಾಯಿ ಮೇಳಗಳು, ಹೊಸ ಬಗೆಯ ಭಾಗವತಿಕೆಯನ್ನು ತಂದು ನಿಲ್ಲಿಸಿದವು.

ಆ ಹೊಸತನದ ಕೇಂದ್ರದಲ್ಲಿದ್ದವರು ಗುಂಡ್ಮಿಯ ಕಾಳಿಂಗ ನಾವಡರು. ನಾರಣಪ್ಪ ಉಪ್ಪೂರರ ಶಿಷ್ಯರಾಗಿ ಸಾಂಪ್ರದಾಯಿಕ ಪಾಠವನ್ನು ಗಟ್ಟಿಯಾಗಿ ಕಲಿತಿದ್ದ ನಾವಡರು ಸಾಲಿಗ್ರಾಮ ಮೇಳದ ಭಾಗವತರಾಗಿ, ಯಕ್ಷಗಾನದಲ್ಲಿ ಹೆಚ್ಚು ಬಳಕೆಯಲ್ಲಿಲ್ಲದ ರಾಗಗಳನ್ನು ರಂಗಕ್ಕೆ ತಂದರು, ‘ನಾಗಶ್ರೀ’, ‘ಚೆಲುವೆ ಚಿತ್ರಾವತಿ’ಯಂಥ ಹೊಸ ಪ್ರಸಂಗಗಳನ್ನು ಬರೆದರು, ಒಂದು ಪದ್ಯವನ್ನು ಕೇಳಲೆಂದೇ ಜನ ಆಟಕ್ಕೆ ಬರುವಂತೆ ಮಾಡಿದರು. 1990ರಲ್ಲಿ, ಇನ್ನೂ ಮೂವತ್ತೆರಡನೆಯ ವಯಸ್ಸು ತುಂಬುವ ಮೊದಲೇ, ರಸ್ತೆ ಅಪಘಾತದಲ್ಲಿ ಅವರು ತೀರಿಕೊಂಡಾಗ ಅವರ ಕಂಠ ಸಾವಿರಾರು ಕ್ಯಾಸೆಟ್ಟುಗಳಲ್ಲಿ ಉಳಿದಿತ್ತು. ಉತ್ತರ ಕನ್ನಡದವರೇ ಆದ ಸುಬ್ರಹ್ಮಣ್ಯ ಧಾರೇಶ್ವರರು ಪೆರ್ಡೂರು ಮೇಳದಲ್ಲಿ ಆ ದಾರಿಯನ್ನು ತಮ್ಮದೇ ರೀತಿಯಲ್ಲಿ ಮುಂದುವರಿಸಿ, 2024ರಲ್ಲಿ ನಿಧನರಾಗುವವರೆಗೂ ಘಟ್ಟದ ಮೇಲಿನ ಕೇಳುಗರಿಗೆ ಅತ್ಯಂತ ಪರಿಚಿತ ಕಂಠವಾಗಿದ್ದರು. ಸಿನಿಮಾ ಮತ್ತು ಭಾವಗೀತೆಯ ಧಾಟಿ ಒಳನುಗ್ಗಿತು, ಪುರಾಣವನ್ನು ಬಿಟ್ಟು ಕಲ್ಪಿತ ಕಥೆಗಳನ್ನು ಕಟ್ಟಿದರು, ಒಂದೇ ಪದ್ಯವನ್ನು ಎಳೆದೆಳೆದು ಹಾಡಿ ಆಟದ ಓಟವನ್ನು ಕೆಡಿಸಿದರು ಎಂಬುವು ಈ ಕಾಲದ ಮೇಲಿರುವ ದೂರುಗಳು.

ಈ ದೂರುಗಳನ್ನು ಒಂದೊಂದಾಗಿ ಪರಿಶೀಲಿಸುವ ಮೊದಲು ಎರಡು ಪರಂಪರೆಗಳ ರಚನೆಯಲ್ಲಿರುವ ಹೋಲಿಕೆಯನ್ನು ಗುರುತಿಸಬೇಕು. ಯಕ್ಷಗಾನದ ಪ್ರಸಂಗವೆಂದರೆ ಹಾಡಲೆಂದು ಬರೆದ ಪದ್ಯಗಳ ಕಾವ್ಯ. ಅದರ ಪದ್ಯಗಳು ಏಕ, ರೂಪಕ, ಝಂಪೆ, ತ್ರಿವುಡೆ, ಅಷ್ಟ ಮೊದಲಾದ ತಾಳಗಳಲ್ಲಿ ಗೊತ್ತಾದ ಮಟ್ಟುಗಳ ಮೇಲೆ ಕಟ್ಟಿದವು. ಮಟ್ಟು ಎಂದರೆ ಮಾತ್ರೆಗಳ ಹಂಚಿಕೆ, ತಾಳದ ಎತ್ತುಗಡೆ ಮತ್ತು ಧಾಟಿ ಸೇರಿದ ಒಂದು ಅಚ್ಚು. ಒಬ್ಬ ಕವಿ ಬಳಸಿದ ಮಟ್ಟನ್ನು ಇನ್ನೊಬ್ಬ ಕವಿ ತನ್ನ ಪ್ರಸಂಗಕ್ಕೆ ಬಳಸುವುದು ಕಳ್ಳತನವಲ್ಲ, ಅದೇ ಪದ್ಧತಿ. ಯುದ್ಧಕ್ಕೆ ಹೊರಟ ವೀರನ ಪದ್ಯ ಯಾವ ಪ್ರಸಂಗದ್ದಾದರೂ ಪರಿಚಿತ ಮಟ್ಟಿನಲ್ಲಿ ಬಂದಾಗ ಮದ್ದಳೆ, ಚಂಡೆಯವರಿಗೆ ಪೂರ್ವತಾಲೀಮು ಬೇಕಾಗುವುದಿಲ್ಲ, ವೇಷಧಾರಿಗೆ ಕುಣಿತದ ಹೆಜ್ಜೆ ತಾನಾಗಿ ಒದಗುತ್ತದೆ, ಪ್ರೇಕ್ಷಕನ ಗಮನ ಧಾಟಿಯಿಂದ ಬಿಡುಗಡೆಗೊಂಡು ಮಾತಿನ ಮೇಲೆ, ಹಾಡುವವನ ಕುಸುರಿಯ ಮೇಲೆ ನಿಲ್ಲುತ್ತದೆ. ರಿದಂ ಕೂಡ ಜಮೈಕಾದ ಡೀಜೇಗೆ ಮತ್ತು ಕುಣಿಯುವವನಿಗೆ ಕೊಡುವುದು ಇದೇ ಅನುಕೂಲವನ್ನು.

ತಾಳಮದ್ದಳೆಯ ಕಡೆಗೆ ತಿರುಗಿದರೆ ಹೋಲಿಕೆ ಇನ್ನೂ ನಿಕಟವಾಗುತ್ತದೆ. ವೇಷ, ಕುಣಿತಗಳಿಲ್ಲದ ಈ ಪ್ರಕಾರದಲ್ಲಿ ಭಾಗವತರು ಹಾಡಿದ ಪದ್ಯವನ್ನು ಆಧರಿಸಿ ಅರ್ಥಧಾರಿಗಳು, ಅಂದರೆ ಪಾತ್ರವಾಗಿ ಮಾತನಾಡುವವರು, ಬರೆದಿಟ್ಟುಕೊಳ್ಳದ ಸಂಭಾಷಣೆಯನ್ನು ಸ್ಥಳದಲ್ಲೇ ಕಟ್ಟುತ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥಗಾರಿಕೆಯನ್ನು ಕೇಳಲು ಬಂದವರಿಗೆ ಕಥೆಯ ಅಂತ್ಯ ಗೊತ್ತಿರುತ್ತದೆ, ಪದ್ಯವೂ ಬಾಯಿಗೆ ಬರುತ್ತದೆ, ಆದರೆ ಈ ರಾತ್ರಿ ಈ ಎದುರಾಳಿಯ ಮುಂದೆ ಕರ್ಣನೋ ಮಾಗಧನೋ ಏನು ಹೇಳುತ್ತಾನೆ ಎಂಬುದು ಗೊತ್ತಿರುವುದಿಲ್ಲ. ಕೇಳುಗನ ಕುತೂಹಲ ಪೂರ್ತಿಯಾಗಿ ಆ ಗೊತ್ತಿಲ್ಲದ ಭಾಗದಲ್ಲಿ ನೆಟ್ಟಿರುತ್ತದೆ. ಕಿಂಗ್‌ಸ್ಟನ್ನಿನ ಸ್ಪರ್ಧೆಯಲ್ಲಿ ಇಬ್ಬರು ಡೀಜೇಗಳು ಒಂದೇ ರಿದಂ ಮೇಲೆ ಒಬ್ಬರನ್ನೊಬ್ಬರು ಮಾತಿನಿಂದ ಸೋಲಿಸಲು ನಿಂತಾಗಲೂ ಸ್ಥಿತಿ ಇದೇ. ಆದ್ದರಿಂದ ಪುನರಾವರ್ತನೆಯನ್ನು ಸೃಜನಶೀಲತೆಯ ಕೊರತೆಯೆಂದು ಕರೆಯುವ ವಿಮರ್ಶೆ, ಪ್ರತಿ ಹಾಡಿಗೂ ಹೊಸ ಧಾಟಿ ಇರಲೇಬೇಕೆಂಬ ಚಲನಚಿತ್ರಗೀತೆಯ ನಿಯಮವನ್ನು ಅದು ಸಲ್ಲದ ಕಡೆ ಹೇರುತ್ತದೆ.

ಎರಡನೆಯ ಆಪಾದನೆ ಯಂತ್ರದ್ದು. ಕ್ಯಾಸೆಟ್ಟು ಬರುವವರೆಗೆ ಭಾರತದ ಧ್ವನಿಮುದ್ರಣ ಹೆಚ್ಚಾಗಿ ಗ್ರಾಮಫೋನ್ ಕಂಪನಿಯೊಂದರ ಹಿಡಿತದಲ್ಲಿತ್ತು. ತಟ್ಟೆಯನ್ನು ಅಚ್ಚುಹಾಕಲು ದೊಡ್ಡ ಕಾರ್ಖಾನೆ ಬೇಕಿದ್ದುದರಿಂದ ಸಣ್ಣ ಪ್ರದೇಶದ ಕಲೆಗೆ ಅಲ್ಲಿ ಜಾಗ ಕಿರಿದಾಗಿತ್ತು. ಕ್ಯಾಸೆಟ್ಟನ್ನು ಮಾತ್ರ ಸಣ್ಣ ಬಂಡವಾಳದಲ್ಲಿ ತುಂಬಿ ಮಾರಬಹುದಿತ್ತು. ಕೆ. ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ 1978ರಲ್ಲಿ ಕನ್ನಡದ ಮೊದಲ ಸುಗಮಸಂಗೀತ ಕ್ಯಾಸೆಟ್ಟಾಗಿ ಬಂದ ಮೇಲೆ ಭಾವಗೀತೆ ಎಷ್ಟು ವೇಗವಾಗಿ ಮನೆಗಳನ್ನು ಹೊಕ್ಕಿತೋ, ಅದೇ ದಾರಿಯಲ್ಲಿ ಯಕ್ಷಗಾನದ ಪದ್ಯಗಳೂ ತಾಳಮದ್ದಳೆಯ ಸಂವಾದಗಳೂ ನಡೆದವು. ಅಂಗಡಿಯಲ್ಲಿ ಸಿಗುವ ಕ್ಯಾಸೆಟ್ಟಿನಷ್ಟೇ ಮುಖ್ಯವಾದದ್ದು ರಸಿಕರು ಟೇಪ್‌ರೆಕಾರ್ಡರನ್ನು ರಂಗಸ್ಥಳದ ಬದಿಗೆ ಇಟ್ಟು ತಾವೇ ಮುದ್ರಿಸಿ ಪರಿಚಿತರಿಗೆ ನಕಲು ಮಾಡಿಕೊಟ್ಟ ಸುರುಳಿಗಳು. ಜಮೈಕಾದಲ್ಲೂ ಸೌಂಡ್ ಸಿಸ್ಟಮ್ಮಿನ ರಾತ್ರಿಗಳನ್ನು ಹೀಗೆಯೇ ಕ್ಯಾಸೆಟ್ಟಿಗೆ ಇಳಿಸಿ ಲಂಡನ್, ನ್ಯೂಯಾರ್ಕ್‌ಗಳಲ್ಲಿದ್ದ ಬಂಧುಗಳಿಗೆ ಕಳಿಸುತ್ತಿದ್ದರು. ಯಂತ್ರ ಕಲೆಯನ್ನು ಕೆಡಿಸಿತೆನ್ನುವವರು, ಅದೇ ಯಂತ್ರವಿಲ್ಲದಿದ್ದರೆ ದೂರದ ಹಳ್ಳಿಯ ಕೇಳುಗನಿಗೆ ನಾವಡರ ಕಂಠ ವರ್ಷಕ್ಕೊಮ್ಮೆ ಮಾತ್ರ ದೊರೆಯುತ್ತಿತ್ತೆಂಬುದನ್ನು ಗಣನೆಗೆ ತೆಗೆದುಕೊಳ್ಳಬೇಕು.

ಹಾಗೆಂದು ಯಂತ್ರ ಏನನ್ನೂ ಕಸಿದುಕೊಳ್ಳಲಿಲ್ಲವೆಂದಲ್ಲ. ರಾತ್ರಿಯಿಡೀ ನಡೆಯುವ ಆಟವನ್ನು ಅರವತ್ತು ಅಥವಾ ತೊಂಬತ್ತು ನಿಮಿಷದ ಸುರುಳಿಗೆ ಇಳಿಸುವಾಗ ಪೂರ್ವರಂಗ, ಒಡ್ಡೋಲಗ, ಚಂಡೆಯ ದೀರ್ಘ ಪೀಠಿಕೆ, ಹಾಸ್ಯದ ಸಣ್ಣ ದೃಶ್ಯಗಳು ಬಿದ್ದುಹೋಗಿ, ಎದ್ದು ಕಾಣುವ ಪದ್ಯಗಳಷ್ಟೇ ಉಳಿಯುತ್ತವೆ. ಭಾಗವತನೇ ಮೊದಲ ವೇಷವೆಂಬ ಮಾತು ಯಕ್ಷಗಾನದಲ್ಲಿ ಹಳೆಯದಾದರೂ, ಕಣ್ಣಿಗೆ ಕಾಣುವ ಎಲ್ಲವನ್ನೂ ಕಳೆದುಕೊಂಡ ಕ್ಯಾಸೆಟ್ಟಿನಲ್ಲಿ ಅವನು ಏಕೈಕ ನಾಯಕನಾಗುತ್ತಾನೆ. ರಂಗದಲ್ಲಿ ವೇಷಧಾರಿಯ ಕುಣಿತಕ್ಕೆ ತಕ್ಕಂತೆ ಹಿಗ್ಗಿ ಕುಗ್ಗುತ್ತಿದ್ದ ಪದ್ಯ ಸ್ವತಂತ್ರ ಹಾಡಾಗಿ ಗಟ್ಟಿಗೊಳ್ಳುತ್ತದೆ. ಇಂದು ಊರೂರುಗಳಲ್ಲಿ ನಡೆಯುವ ಗಾನವೈಭವ, ಗಾನನಾಟ್ಯ ವೈಭವವೆಂಬ ಕಾರ್ಯಕ್ರಮಗಳು, ಅಂದರೆ ಪ್ರಸಂಗದ ಹಂಗಿಲ್ಲದೆ ಆಯ್ದ ಪದ್ಯಗಳನ್ನು ಸಾಲಾಗಿ ಹಾಡುವ ಕೂಟಗಳು, ಈ ಕೇಳ್ಮೆಯ ಅಭ್ಯಾಸದಿಂದ ಬೆಳೆದವೆಂದು ಊಹಿಸಲು ಕಾರಣವಿದೆ. ಇದನ್ನು ನಷ್ಟವೆಂದು ಬರೆಯುವಾಗ ಶಿವರಾಮ ಕಾರಂತರನ್ನು ನೆನೆಯುವುದು ಒಳ್ಳೆಯದು: ‘ಯಕ್ಷಗಾನ ಬಯಲಾಟ’ ಕೃತಿಗೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ, ಮೇಳಗಳ ಅಭಿರುಚಿಗೇಡನ್ನು ಕಟುವಾಗಿ ಟೀಕಿಸಿದ ಅವರೇ ತಮ್ಮ ಪ್ರಯೋಗಗಳಲ್ಲಿ ಆಟದ ಅವಧಿಯನ್ನು ಇಳಿಸಿದರು, ಮಾತನ್ನು ಕೈಬಿಟ್ಟರು, ಪಿಟೀಲು ಮತ್ತು ಸ್ಯಾಕ್ಸೊಫೋನನ್ನು ಹಿಮ್ಮೇಳಕ್ಕೆ ಸೇರಿಸಿದರು. ಬದಲಾವಣೆ ಮಾಡಿದವನು ಪಂಡಿತನಾದರೆ ಪ್ರಯೋಗ, ಮೇಳದ ಭಾಗವತನಾದರೆ ಭ್ರಷ್ಟತೆ ಎಂಬ ಅಳತೆ ನ್ಯಾಯವಾದದ್ದಲ್ಲ.

ಮೂರನೆಯ ಆಪಾದನೆಯನ್ನು ಇಷ್ಟು ಸುಲಭವಾಗಿ ಬದಿಗೆ ಸರಿಸಲಾಗದು. ಡ್ಯಾನ್ಸ್‌ಹಾಲಿನ ಕೆಲವು ಹಾಡುಗಳು ಬಂದೂಕನ್ನು ಹೊಗಳಿದವು, ಸಲಿಂಗಿಗಳ ಕೊಲೆಗೆ ಕರೆ ಕೊಡುವಷ್ಟು ದೂರ ಹೋದವು. ಅವುಗಳ ವಿರುದ್ಧ ಬ್ರಿಟನ್ನಿನಲ್ಲಿ ನಡೆದ ಚಳವಳಿಯ ಫಲವಾಗಿ 2007ರಲ್ಲಿ ಕೆಲವು ಪ್ರಮುಖ ಕಲಾವಿದರು ಅಂಥ ಹಾಡುಗಳನ್ನು ಹಾಡುವುದಿಲ್ಲವೆಂಬ ಒಪ್ಪಂದಕ್ಕೆ ಸಹಿಹಾಕಬೇಕಾಯಿತು. ಯಕ್ಷಗಾನದ ಹೊಸ ಪ್ರಸಂಗಗಳಲ್ಲೂ ಹೆಣ್ಣನ್ನು ಕುರಿತ ಅಗ್ಗದ ಹಾಸ್ಯ ಇಲ್ಲವೆನ್ನಲಾಗದು. ಆದರೆ ಇಂಥ ದೋಷವನ್ನು ಹಾಡುಹಾಡಿನಲ್ಲಿ, ಪ್ರಸಂಗ ಪ್ರಸಂಗದಲ್ಲಿ ಗುರುತಿಸಿ ಖಂಡಿಸುವುದು ಒಂದು, ಅದನ್ನು ಇಡೀ ಕಾಲದ ಗುಣವೆಂದು ಸಾರುವುದು ಇನ್ನೊಂದು. ರೆಗೆಯ ಸುವರ್ಣಯುಗವೆನ್ನುವ ಕಾಲದಲ್ಲೂ ಹೆಣ್ಣನ್ನು ಹೀಗಳೆಯುವ ಹಾಡುಗಳಿದ್ದವು, ಹಳೆಯ ಪೌರಾಣಿಕ ಪ್ರಸಂಗಗಳಲ್ಲಿ ಜಾತಿಯ ಮೇಲರಿಮೆಯ ಮಾತುಗಳಿವೆ. ನೈತಿಕ ವಿಮರ್ಶೆಗೆ ಕಾಲವಿಭಾಗ ಸಾಧನವಾಗಲಾರದು.

ಹಾಗಾದರೆ ಧ್ವನಿಮುದ್ರಣದ ಉತ್ತರಕಾಲವನ್ನು ಯಾವ ಅಳತೆಯಿಂದ ಅಳೆಯಬೇಕು? ಇಲ್ಲಿ ಮಟ್ಟಿಗೂ ರಿದಮಿಗೂ ಇರುವ ಮುಖ್ಯ ವ್ಯತ್ಯಾಸ ದಾರಿ ತೋರಿಸುತ್ತದೆ. ಮಟ್ಟು ಭಾಗವತರ ಕಂಠದಲ್ಲಿ, ಮದ್ದಳೆಗಾರನ ಬೆರಳಿನಲ್ಲಿ ಇರುವಂಥದು, ಹಾಡಿದಾಗಲೆಲ್ಲ ಹೊಸದಾಗಿ ಹುಟ್ಟುವಂಥದು, ಆದ್ದರಿಂದ ಯಾರ ಸ್ವತ್ತೂ ಅಲ್ಲದ್ದು. ರಿದಂ ಮಾತ್ರ ಒಮ್ಮೆ ಟೇಪಿಗೆ ಇಳಿದ ಮೇಲೆ ಒಂದು ವಸ್ತು. ಆ ಟೇಪು ಯಾರ ಕಪಾಟಿನಲ್ಲಿದೆಯೋ ಅವನು ಅದರ ಒಡೆಯ. ಜಮೈಕಾದಲ್ಲಿ 1993ರವರೆಗೂ ಬ್ರಿಟಿಷರು ಬಿಟ್ಟುಹೋದ 1911ರ ಹಳೆಯ ಕಾನೂನೇ ಹಕ್ಕುಸ್ವಾಮ್ಯದ ಆಧಾರವಾಗಿದ್ದುದರಿಂದ, ದಿನಗೂಲಿ ಪಡೆದು ನುಡಿಸಿ ಹೋದ ವಾದ್ಯಗಾರರಿಗೆ ತಮ್ಮ ರಿದಂ ಜಗತ್ತನ್ನು ಸುತ್ತಿದಾಗಲೂ ಪಾಲು ದೊರೆಯುವುದು ದುರ್ಲಭವಾಗಿತ್ತು. ಒಡೆತನ ಹೀಗೆ ವಸ್ತುವಿನ ಕಡೆಗೆ ವಾಲಿದಾಗ ಅದನ್ನು ಮಾಡಿದವರ ಹೆಸರು ಅನಗತ್ಯವಾಗುತ್ತ ಹೋಗುತ್ತದೆ.

ಇದಕ್ಕೆ ಸ್ಲೆಂಗ್ ಟೆಂಗ್ ಅತ್ಯುತ್ತಮ ನಿದರ್ಶನ. ಕ್ಯಾಸಿಯೊ ಕೀಬೋರ್ಡಿನ ಆ ವಿನ್ಯಾಸವನ್ನು ರಚಿಸಿದವರು ಓಕುದಾ ಹಿರೊಕೊ ಎಂಬ ಜಪಾನಿ ಮಹಿಳೆ. ಸಂಗೀತ ಕಾಲೇಜಿನಲ್ಲಿ ರೆಗೆಯ ಬಗ್ಗೆಯೇ ಪದವಿಪ್ರಬಂಧ ಬರೆದು, 1980ರಲ್ಲಿ ಕಂಪನಿಗೆ ಸೇರಿದ ಹೊಸದರಲ್ಲೇ ಅವರು ಈ ಕೆಲಸ ಮಾಡಿದ್ದರು. ಡ್ಯಾನ್ಸ್‌ಹಾಲಿನ ದಿಕ್ಕನ್ನೇ ಬದಲಿಸಿದ ಆ ರಿದಮನ್ನು ಆತ್ಮವಿಲ್ಲದ ಯಂತ್ರದ ಸದ್ದೆಂದು ಜರೆಯುತ್ತಿದ್ದ ದಶಕಗಳಲ್ಲಿ, ಅದರ ಹಿಂದೆ ಜಮೈಕಾದ ಸಂಗೀತವನ್ನು ಮನಸಾರೆ ಕೇಳಿದ ಒಬ್ಬ ವ್ಯಕ್ತಿ ಇದ್ದಾಳೆಂಬುದು ಹೆಚ್ಚಿನವರಿಗೆ ತಿಳಿದೇ ಇರಲಿಲ್ಲ. ಹೆಸರು ತಿಳಿದ ಕೂಡಲೇ ಆಪಾದನೆಯ ಅರ್ಧ ತೂಕ ಇಳಿದುಹೋಗುತ್ತದೆ, ಏಕೆಂದರೆ ರೆಗೆಯಿಂದ ಕಲಿತದ್ದು ರೆಗೆಗೇ ಮರಳಿದ ಕಥೆಯಾಗಿ ಅದು ಬದಲಾಗುತ್ತದೆ. ಹೆಸರಿದ್ದರಷ್ಟೇ ಸಾಲದೆಂಬುದಕ್ಕೂ ಗ್ರೀನ್‌ಸ್ಲೀವ್ಸ್‌ನಲ್ಲೇ ಉದಾಹರಣೆಯಿದೆ. ಹಾಡಿನ ಕಂಠವನ್ನು ತೆಗೆದು ವಾದ್ಯಭಾಗವನ್ನು ಮರುಜೋಡಿಸುವ ಡಬ್ ಎಂಬ ಪ್ರಕಾರದಲ್ಲಿ ಸೈಂಟಿಸ್ಟ್ ಎಂದು ಪ್ರಸಿದ್ಧನಾದ ತಂತ್ರಜ್ಞನ ಹೆಸರನ್ನು ಆ ಸಂಸ್ಥೆ 1980ರ ದಶಕದ ಆರಂಭದಲ್ಲಿ ಬಣ್ಣಬಣ್ಣದ ಹೊದಿಕೆಯ ಮೇಲೆ ದೊಡ್ಡದಾಗಿ ಅಚ್ಚುಹಾಕಿತು. ಆದರೆ ಆ ಮುದ್ರಿಕೆಗಳ ಹಕ್ಕು 2001ರ ಒಂದು ಜನಪ್ರಿಯ ವಿಡಿಯೋ ಆಟದಲ್ಲಿ ಅವು ಬಳಕೆಯಾದ ಮೇಲೆ ನ್ಯಾಯಾಲಯದ ವಿವಾದವಾಯಿತು. ಹೊದಿಕೆಯ ಮೇಲಿನ ಹೆಸರು ಗೌರವವನ್ನು ತರುತ್ತದೆ, ಬರಹದ ಒಪ್ಪಂದವಿಲ್ಲದೆ ಪಾಲನ್ನು ತರುವುದಿಲ್ಲ.

ಅದೇ ಸಂಸ್ಥೆ 2000ದ ನಂತರ ಹೊರತಂದ ಏಕರಿದಂ ಸಂಕಲನಗಳು, ಅಂದರೆ ಒಂದೇ ರಿದಂ ಮೇಲೆ ಹತ್ತಿಪ್ಪತ್ತು ಕಲಾವಿದರು ಹಾಡಿದ್ದನ್ನು ಒಟ್ಟಿಗೆ ಕೊಡುವ ಮುದ್ರಿಕೆಗಳು, ಈ ದೃಷ್ಟಿಯಿಂದ ಮರುಮೌಲ್ಯಮಾಪನಕ್ಕೆ ಅರ್ಹವಾಗಿವೆ. ಸ್ಟೀವನ್ ಮಾರ್ಸ್‌ಡೆನ್ ರಚಿಸಿದ ‘ದಿವಾಲಿ’ ಎಂಬ ಹೆಸರಿನ ರಿದಂ 2002ರಲ್ಲಿ ಇಂಥ ಸಂಕಲನವಾಗಿ ಬಂತು, ಅದರ ಮೇಲೆ ಶಾನ್ ಪಾಲ್ ಹಾಡಿದ ಹಾಡು ಮರುವರ್ಷ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ತುದಿಗೇರಿತು. ಒಂದೇ ಚಪ್ಪಾಳೆಯ ಲಯವನ್ನು ಇಪ್ಪತ್ತು ಬಾರಿ ಕೇಳಿಸುವ ಸರಕೆಂದು ಹೊರಗಿನವರಿಗೆ ಕಂಡ ಈ ಸಂಕಲನ, ಒಂದು ಆಧಾರವನ್ನು ಒಬ್ಬೊಬ್ಬ ಕಲಾವಿದ ಹೇಗೆ ಬೇರೆ ಬೇರೆಯಾಗಿ ಹಿಡಿದನೆಂಬುದನ್ನು ಹೆಸರುಸಹಿತ ತೋರಿಸುವ ದಾಖಲೆಯೂ ಹೌದು. ನ್ಯೂಯಾರ್ಕಿನಲ್ಲಿ ನೆಲೆಸಿದ ಜಮೈಕಾದ ಚಿನ್ ದಂಪತಿ ಕಟ್ಟಿದ ವಿಪಿ ಸಂಸ್ಥೆ 2008ರಲ್ಲಿ ಗ್ರೀನ್‌ಸ್ಲೀವ್ಸ್ ಅನ್ನು ಕೊಂಡಾಗ ಅದು ಕೊಂಡದ್ದು ಮುಖ್ಯವಾಗಿ ಈ ಪಟ್ಟಿಯನ್ನೇ. ಮೂವತ್ತು ವರ್ಷಗಳ ಹಾಡುಗಳ, ಗಾಯಕರ, ನಿರ್ಮಾಪಕರ ಹೆಸರುಗಳು ಒಂದೆಡೆ ದಾಖಲಾಗಿದ್ದುದರಿಂದಲೇ ಹಳೆಯ ಮುದ್ರಿಕೆಗಳ ಮರುಪ್ರಕಟಣೆಯೂ ಹಕ್ಕಿನ ಚರ್ಚೆಯೂ ಸಾಧ್ಯವಾದವು.

ಘಟ್ಟದ ಮೇಲಿನ ಯಕ್ಷಗಾನಕ್ಕೆ ಇಂಥ ಪಟ್ಟಿಯೇ ಇಲ್ಲದಿರುವುದು ಉತ್ತರಕಾಲದ ನಿಜವಾದ ಕೊರತೆ. ಮನೆಮನೆಯಲ್ಲಿ ಮುದ್ರಣಗೊಂಡ ಸುರುಳಿಯ ಮೇಲೆ ಪ್ರಸಂಗದ ಹೆಸರೋ ಭಾಗವತರ ಹೆಸರೋ ಇರಬಹುದು. ಮದ್ದಳೆ ಯಾರದು, ಚಂಡೆ ಯಾರದು, ಅರ್ಥಧಾರಿಗಳು ಯಾರು, ಯಾವ ಊರಿನ ಯಾವ ದಿನದ ಆಟ ಎಂಬುದನ್ನು ಅಲ್ಲಿದ್ದವರ ನೆನಪಿನಿಂದ ಮಾತ್ರ ತಿಳಿಯಬೇಕು. ಮಲೆನಾಡಿನ ಮಳೆಗಾಲದ ತೇವ ಟೇಪಿಗೆ ಬೂಸಲು ಹಿಡಿಸುತ್ತದೆ, ನೆನಪಿದ್ದವರಿಗೆ ವಯಸ್ಸಾಗುತ್ತದೆ. ಆ ಮುದ್ರಣಗಳು ಇಂದು ಯೂಟ್ಯೂಬಿಗೆ ಏರುತ್ತಿರುವುದು ಸಂತೋಷದ ಸಂಗತಿಯಾದರೂ, ಅಲ್ಲಿ ನಾಯಕ ಕಂಠದ ಹೆಸರಿನ ಹಿಂದೆ ಉಳಿದವರೆಲ್ಲ ಮರೆಯಾಗುವ ಅಪಾಯ ಹಿಂದಿಗಿಂತ ಹೆಚ್ಚು. ನಾವಡರನ್ನು ಅನುಕರಿಸುವ ಎಳೆಯ ಭಾಗವತರು ಅವರ ಕ್ಯಾಸೆಟ್ಟನ್ನೇ ಪಾಠವಾಗಿ ಕೇಳುತ್ತಾರೆ. ನಾವಡರು ಅದನ್ನು ಯಾರಿಂದ ಕಲಿತರು, ಯಾವ ಮಟ್ಟನ್ನು ಎಲ್ಲಿ ಬದಲಿಸಿದರು, ಯಾವ ವೇಷಕ್ಕಾಗಿ ಎಳೆದು ಹಾಡಿದರು ಎಂಬ ವಿವರ ಇಲ್ಲದಾಗ ಒಂದು ರಾತ್ರಿಯ ನಿರ್ಧಾರ ಶಾಶ್ವತ ನಿಯಮವಾಗಿಬಿಡುತ್ತದೆ. ಮಟ್ಟು ಹೀಗೆ ರಿದಮಿನಂತೆ ಗಟ್ಟಿಯಾದ ವಸ್ತುವಾಗುತ್ತದೆ, ಆದರೆ ರಿದಮಿಗೆ ಇರುವಂಥ ಲೆಕ್ಕಪತ್ರ ಅದಕ್ಕಿರುವುದಿಲ್ಲ.

ಇದೇ ಜಿಲ್ಲೆಯ ಇನ್ನೊಂದು ಸಂಗೀತ ಈ ಮಾತಿನ ತೀವ್ರತೆಯನ್ನು ಹೆಚ್ಚಿಸುತ್ತದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಮೊದಲಾದ ತಾಲ್ಲೂಕುಗಳಲ್ಲಿ ನೆಲೆಸಿರುವ, ಆಫ್ರಿಕದ ಮೂಲದಿಂದ ಬಂದ ಸಿದ್ದಿ ಸಮುದಾಯದ ಡಮಾಮಿ ವಾದ್ಯದ ಹಾಡುಕುಣಿತಕ್ಕೆ ಜಮೈಕಾದ ಸಂಗೀತದೊಂದಿಗೆ ದೂರದ ರಕ್ತಸಂಬಂಧವಿದೆ. ಗುಲಾಮಗಿರಿಯ ವ್ಯಾಪಾರ ಒಂದು ಗುಂಪನ್ನು ಅಟ್ಲಾಂಟಿಕ್ ದಾಟಿಸಿದರೆ ಇನ್ನೊಂದನ್ನು ಅರಬ್ಬೀ ಸಮುದ್ರ ದಾಟಿಸಿತು. ಆದರೆ ಜಮೈಕಾದವರಿಗೆ ಒದಗಿದಂಥ ಸ್ಟುಡಿಯೋ, ಅಂಗಡಿ, ಹಂಚಿಕೆಯ ಜಾಲ ಸಿದ್ದಿಗಳಿಗೆ ಒದಗಲಿಲ್ಲ. 2021ರ ‘ಸಲಗ’ ಚಿತ್ರಕ್ಕಾಗಿ ಚರಣ್‌ರಾಜ್ ಸಂಯೋಜಿಸಿದ ಹಾಡಿನಲ್ಲಿ ಗಿರಿಜಾ ಸಿದ್ದಿಯವರಂಥ ಕಲಾವಿದರ ಕಂಠ ಲಕ್ಷಾಂತರ ಜನರನ್ನು ಮುಟ್ಟಿದ್ದು ದೊಡ್ಡ ಮಾತು. ಮುದ್ರಣದ ಮೊದಲ ಕಾಲವೇ ಬಾರದ ಈ ಸಂಗೀತಕ್ಕೆ ಈಗ ನೇರವಾಗಿ ಉತ್ತರಕಾಲ ಒದಗಿದೆ, ಮತ್ತು ಹಾಡಿದವರನ್ನು ಹೆಸರಿಸುವ ಅಭ್ಯಾಸ ಆರಂಭದಲ್ಲೇ ಗಟ್ಟಿಯಾಗದಿದ್ದರೆ ಅದು ಚಿತ್ರಗಳಿಗೆ ಬಣ್ಣ ಒದಗಿಸುವ ಹೆಸರಿಲ್ಲದ ಜಾನಪದವಾಗಿ ಉಳಿದೀತು.

ಕಾನೂನಿನ ಬೆಂಬಲ ಇಲ್ಲದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ಆದ ತಿದ್ದುಪಡಿ ಪ್ರದರ್ಶಕ ಕಲಾವಿದರ ಹಕ್ಕನ್ನು ಮೊದಲ ಬಾರಿಗೆ ಗುರುತಿಸಿತು, 1999ರ ತಿದ್ದುಪಡಿ ಅದರ ಅವಧಿಯನ್ನು ಐವತ್ತು ವರ್ಷಗಳಿಗೆ ಹೆಚ್ಚಿಸಿತು, 2012ರ ತಿದ್ದುಪಡಿ ವಾಣಿಜ್ಯ ಬಳಕೆಯಲ್ಲಿ ಗೌರವಧನದ ಪಾಲನ್ನೂ ತನ್ನನ್ನು ಕಲಾವಿದನೆಂದು ಹೆಸರಿಸಬೇಕೆಂದು ಕೇಳುವ ಹಕ್ಕನ್ನೂ ಕೊಟ್ಟಿತು. ಹಾಡಿದ ಭಾಗವತರಿಗೆ ಸಲ್ಲುವ ಈ ಹಕ್ಕು ಮದ್ದಳೆ ನುಡಿಸಿದವರಿಗೂ ಅರ್ಥ ಹೇಳಿದವರಿಗೂ ಸಲ್ಲುತ್ತದೆ. ಮಟ್ಟಿನ ಮೇಲೆ ಯಾರಿಗೂ ಒಡೆತನ ಬೇಡ, ಅದು ಎಲ್ಲರದಾಗಿ ಉಳಿಯಲಿ. ಆ ಮಟ್ಟನ್ನು ಒಂದು ರಾತ್ರಿ ಹೀಗೆ ಬಾಳಿಸಿದವರ ಹೆಸರು ಮಾತ್ರ ಅವರದಾಗಿಯೇ ಉಳಿಯಬೇಕು. ಇವೆರಡನ್ನು ಬೇರ್ಪಡಿಸಿ ನೋಡುವ ಸ್ಪಷ್ಟತೆ ಜಮೈಕಾದ ಅನುಭವದಿಂದ ಕಲಿಯಬೇಕಾದ ಮುಖ್ಯ ಪಾಠ.

ಆದ್ದರಿಂದ ಯಕ್ಷಗಾನದ ಕ್ಯಾಸೆಟ್ ಕಾಲವನ್ನು ಕುರಿತ ಚರ್ಚೆ, ಅದು ಶುದ್ಧವೋ ಕಲಬೆರಕೆಯೋ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟು ದಾಖಲೆಯ ಕಡೆಗೆ ತಿರುಗುವುದು ಲೇಸು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಮನೆಗಳಲ್ಲಿರುವ ಸುರುಳಿಗಳನ್ನು ಒಂದೆಡೆ ತಂದು, ಪ್ರಸಂಗ, ಪದ್ಯ, ರಾಗ, ತಾಳ, ಮಟ್ಟು, ಹಿಮ್ಮೇಳ, ಮುಮ್ಮೇಳ, ಊರು, ದಿನ ಎಂಬ ವಿವರಗಳೊಂದಿಗೆ ಪಟ್ಟಿಮಾಡುವ ಕೆಲಸಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಆಟವನ್ನು ನೆನಪಿಟ್ಟಿರುವ ಹಿರಿಯರು ಮತ್ತು ಯಂತ್ರವನ್ನು ಬಲ್ಲ ಕಿರಿಯರು ಒಟ್ಟಿಗೆ ಕೂರಬೇಕಷ್ಟೆ. ಅಂಥ ಪಟ್ಟಿ ಸಿದ್ಧವಾದ ಮೇಲೆ ಒಂದೇ ಪದ್ಯವನ್ನು ಕಡತೋಕರು, ನೆಬ್ಬೂರರು, ನಾವಡರು, ಧಾರೇಶ್ವರರು ಹೇಗೆ ಹಾಡಿದರೆಂಬುದನ್ನು ಸಾಲಾಗಿ ಕೇಳಬಹುದು, ಆಗ ಯಾವುದು ಬೆಳವಣಿಗೆ ಯಾವುದು ಜಾರಿಕೆ ಎಂಬುದನ್ನು ಕಾಲದ ಹೆಸರಿನಲ್ಲಲ್ಲದೆ ಪದ್ಯದ ಆಧಾರದಲ್ಲಿ ಹೇಳಬಹುದು. ಅಷ್ಟರವರೆಗೆ ಅವನತಿಯ ಮಾತು ತೀರ್ಪಾಗಿ ನಿಲ್ಲಲಾರದು. ಸಾಕ್ಷ್ಯವನ್ನು ಕೂಡಿಡುವ ಹೊಣೆಯನ್ನು ಹೊರದವರು ಆಡಿದ ಅಭಿಪ್ರಾಯವಾಗಿ ಮಾತ್ರ ಅದು ಉಳಿಯುತ್ತದೆ.